ಅತ್ತೆಯ ಕೈಗೆ ಸಿಕ್ಕ ಟರ್ಬೊ

ಒಂದು ವಿಷಯವನ್ನು ವರ್ಷಗಟ್ಟಲೆ ಪಾಠ ಮಾಡಿದವರಿಗೆ ಆ ವಿಷಯ ತಮಗೆ ಗೊತ್ತಿದೆ ಎಂಬ ಭ್ರಮೆ ಬಂದುಬಿಡುತ್ತದೆ. ನನಗಂತೂ ಬಂದಿದೆ. ಹೊಸದುರ್ಗದ ಪ್ರೌಢಶಾಲೆಯೊಂದರಲ್ಲಿ ಹತ್ತೊಂಬತ್ತು ವರ್ಷಗಳಿಂದ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಪಂಪು, ಎಂಜಿನ್ನು, ಡೈನಮೋ, ಯಾವುದನ್ನು ಕೇಳಿದರೂ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು, ಬಾಣ ಎಳೆದು, ಭಾಗಗಳನ್ನು ಹೆಸರಿಸಬಲ್ಲೆ. ಕಪ್ಪುಹಲಗೆಯ ಯಂತ್ರಗಳಲ್ಲಿ ಒಂದು ಅನುಕೂಲವಿದೆ. ಅಲ್ಲಿ ಯಾವ ನಟ್ಟಿಗೂ ತುಕ್ಕು ಹಿಡಿದಿರುವುದಿಲ್ಲ, ಯಾವ ಬೋಲ್ಟೂ ಕೈಜಾರಿ ಕತ್ತಲೆಗೆ ಬೀಳುವುದಿಲ್ಲ. ಈ ಅನುಕೂಲವನ್ನೇ ಬುದ್ಧಿವಂತಿಕೆ ಎಂದು ತಿಳಿದು, ಮನೆಯಲ್ಲಿ ಏನು ಕೆಟ್ಟರೂ ಮೊದಲು ಬಿಚ್ಚುವವಳು ನಾನೇ. ನಾನು ರಿಪೇರಿ ಮಾಡಿದ ಮಿಕ್ಸಿ ಅಂದಿನಿಂದ ಚಟ್ನಿಯನ್ನು ಮಾತ್ರ ರುಬ್ಬುತ್ತದೆ. ಮಸಾಲೆ ಹಾಕಿದರೆ ಮುನಿಸಿಕೊಂಡು ನಿಲ್ಲುತ್ತದೆ. ಇಸ್ತ್ರಿಪೆಟ್ಟಿಗೆ ಚೆನ್ನಾಗಿ ಬಿಸಿಯಾಗುತ್ತದೆ, ಆದರೆ ಸಾಕು ಎಂದರೆ ಕೇಳುವುದಿಲ್ಲ. ಇಷ್ಟೆಲ್ಲ ಅನುಭವವಿದ್ದೂ ನಾನು ಕಾರಿಗೆ ಕೈಹಾಕಿದೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಮ್ಮದು ಹಳೆಯ ಡೀಸೆಲ್ ಕಾರು. ಯಾರೋ ಓಡಿಸಿ ದಣಿಸಿದ್ದನ್ನು ನಾವು ಕೊಂಡದ್ದು. ದಸರಾ ರಜೆ ಶುರುವಾಗುವ ಹೊತ್ತಿಗೆ ಅದು ಸಿಳ್ಳೆ ಹಾಕಲು ಕಲಿಯಿತು. ಹಿಂದೆ ನೀಲಿ ಹೊಗೆ, ಮುಂದೆ ಸಿಳ್ಳೆ, ನಡುವೆ ನಾವು. ಹೊಳಲ್ಕೆರೆ ರಸ್ತೆಯ ಏರಿನಲ್ಲಿ ಅದರ ಉಸಿರು ಎಷ್ಟು ಕುಗ್ಗಿತೆಂದರೆ, ಮೈತುಂಬ ತೆಂಗಿನಕಾಯಿ ಹೇರಿಕೊಂಡ ಗೂಡ್ಸ್ ಆಟೊವೊಂದು ನಮ್ಮನ್ನು ದಾಟಿಕೊಂಡು ಹೋಯಿತು. ದಾಟುವಾಗ ಅದರ ಡ್ರೈವರ್ ಹೊರಗೆ ತಲೆಹಾಕಿ, ಆಸ್ಪತ್ರೆಗೆ ಹೊರಟವರನ್ನು ನೋಡುವ ಹಾಗೆ ನೋಡಿದ. ಪಕ್ಕದಲ್ಲಿದ್ದ ನನ್ನ ಯಜಮಾನರು ರಂಗಸ್ವಾಮಿ, ಪಿಯು ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕರು, "ನಿಧಾನವೇ ಪ್ರಧಾನ" ಎಂದು ನನ್ನನ್ನು ಸಮಾಧಾನಪಡಿಸಿದರು.

ಹಾಗೂ ಹೀಗೂ ಚಿತ್ರದುರ್ಗದ ಒಂದು ಗ್ಯಾರೇಜಿಗೆ ಒಯ್ದೆವು. ಮೆಕ್ಯಾನಿಕ್ ಬಾನೆಟ್ ಎತ್ತಿ, ಒಂದು ಪೈಪು ಬಿಚ್ಚಿ, ಒಳಗೆ ಬೆರಳಾಡಿಸಿ, "ಸಾರ್, ಟರ್ಬೊ ಹೋಗೈತೆ" ಎಂದ. ಕಾರು ಓಡಿಸಿಕೊಂಡು ಹೋದವಳು ನಾನು. ಕೀಲಿ ಇದ್ದದ್ದು ನನ್ನ ಕೈಯಲ್ಲಿ. "ಒಳಗಿನ ಶಾಫ್ಟು ಸಡಿಲವಾಗಿದೆಯಾ?" ಎಂದು ನಾನು ಕೇಳಿದೆ. "ಶಾಫ್ಟು ಲೂಜಾಗೈತೆ ಸಾರ್" ಎಂದು ಅವನು ಯಜಮಾನರಿಗೆ ಹೇಳಿದ. "ಆಯಿಲ್ ಕಡಿಮೆಯಾಗಿ ಹೀಗಾಯಿತಾ?" ಎಂದೆ. "ಆಯಿಲ್ ನೋಡ್ಕಬೇಕು ಸಾರ್" ಎಂದು ಮತ್ತೆ ಅವರಿಗೇ ಹೇಳಿದ. ಅವರೋ, ವಿದ್ಯಾರ್ಥಿ ತಪ್ಪು ಸಂಧಿ ಬಿಡಿಸಿದಾಗಲೂ ಹೀಗೆಯೇ ತಲೆ ಆಡಿಸುತ್ತಾರೆ, ಗಂಭೀರವಾಗಿ ಹೂಂಗುಟ್ಟಿದರು. ಕೊನೆಗೆ ಅವನು, "ಹಬ್ಬದ ಟೈಮು, ಕೈ ಖಾಲಿ ಇಲ್ಲ. ಹದಿನೈದು ದಿನ ಬಿಟ್ಟು ಬರ್ರಿ. ಮೇಡಂಗೆ ಇದೆಲ್ಲ ತಲೆಬಿಸಿ ಯಾಕೆ ಸಾರ್?" ಎಂದ. ಆ ಕ್ಷಣದಲ್ಲಿ ನನ್ನ ತಲೆ ನಿಜಕ್ಕೂ ಬಿಸಿಯಾಯಿತು. ಕಾರಿನ ಟರ್ಬೊವನ್ನು ನಾನೇ ಬದಲಾಯಿಸುವುದು ಎಂದು ಅಲ್ಲೇ, ಆ ಗ್ಯಾರೇಜಿನ ಎಣ್ಣೆನೆಲದ ಮೇಲೆ ನಿಂತು ತೀರ್ಮಾನಿಸಿದೆ.

ತೀರ್ಮಾನಕ್ಕೆ ಕೋಪವೊಂದೇ ಕಾರಣವಲ್ಲ. ನಮ್ಮ ಅತ್ತೆ ಗಿರಿಯಮ್ಮನವರ ವಿಷಯವೂ ಇತ್ತು. ಅತ್ತೆ ಶ್ರೀರಾಂಪುರದ ಕಡೆಯ ಹಳ್ಳಿಯಲ್ಲಿ ಆಯಸ್ಸೆಲ್ಲ ಕುರಿ ಕಾಯ್ದವರು. ಮಂಡಿ ನೋಯತೊಡಗಿದ ಮೇಲೆ ಕುರಿಗಳನ್ನು ಮೈದುನನ ಮಕ್ಕಳಿಗೆ ಒಪ್ಪಿಸಿ ನಮ್ಮ ಮನೆಗೆ ಬಂದರು. ಈಗ ನಮ್ಮನ್ನು ಕಾಯುತ್ತಾರೆ. ಅವರ ತವರು ತುರುವನೂರು. ಅಲ್ಲಿರುವ ತಮ್ಮ ಕರಿಯಪ್ಪನಿಗೂ ಇವರಿಗೂ ಆರು ವರ್ಷದಿಂದ ಮಾತಿಲ್ಲ. ಕಾರಣ ಒಂದು ಟಗರು. ಸ್ವಲ್ಪ ದಿನ ಮಂದೆಯಲ್ಲಿ ಬಿಟ್ಟುಕೋ ಎಂದು ಅಕ್ಕ ಕಳಿಸಿದ ಟಗರನ್ನು, ಹಿಂದೆ ತವರಿನಿಂದ ಕೊಟ್ಟ ಉಡುಗೊರೆ ವಾಪಸು ಬಂತೆಂದು ತಿಳಿದು ತಮ್ಮ ಸಂತೆಯಲ್ಲಿ ಮಾರಿಬಿಟ್ಟಿದ್ದ. ಅಂಥ ತಮ್ಮ ಈಗ ಫೋನು ಮಾಡಿದ್ದ. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ, ಭಾನುವಾರ ಬರಲೇಬೇಕು ಎಂದಿದ್ದ. ಅತ್ತೆ ಫೋನಿನಲ್ಲಿ "ನೋಡಾಣ" ಎಂದಷ್ಟೇ ಹೇಳಿ ಇಟ್ಟರು. ಇಟ್ಟವರೇ ಟ್ರಂಕು ತೆಗೆದು ಸೀರೆ ಆರಿಸತೊಡಗಿದರು.

"ಹೋಗ್ತೀನಿ. ಆದ್ರೆ ಬಸ್ಸಿಳಿದು, ಸೆರಗಲ್ಲಿ ಮಕ ಒರೆಸ್ಕಂಡು ಅವನ ಬಾಗ್ಲಿಗೆ ಹೋಗಲ್ಲ. ನಮ್ ಕಾರಲ್ಲೇ ಹೋಗಿ ಇಳೀತೀನಿ" ಎಂದು ಷರತ್ತು ಹಾಕಿದರು. ಬಸ್ಸೆಂದರೆ ಅವರಿಗೆ ಹೊಳಲ್ಕೆರೆ ಮುಟ್ಟುವ ಮೊದಲೇ ಹೊಟ್ಟೆ ತೊಳೆಸುತ್ತದೆ, ಅದೂ ನಿಜ.

"ಬಾಡಿಗೆ ಕಾರು ಮಾಡಿದರಾಯ್ತಲ್ಲವ್ವ" ಎಂದರು ಯಜಮಾನರು.

"ಲೇ ರಂಗ, ಹಳದಿ ನಂಬರ್ ಪ್ಲೇಟು ನೋಡಿದ್ರೆ ಅವನಿಗೆ ಗೊತ್ತಾಗಲ್ವೇನೋ? ಅವನೇನು ಕುರುಡನಾ?"

ಹೀಗೆ ಆರು ವರ್ಷದ ಮುನಿಸೊಂದು ಮುಗಿಯುವುದು ನನ್ನ ಸ್ಪ್ಯಾನರಿನ ಮೇಲೆ ನಿಂತಿತು.

ಹೊಸ ಟರ್ಬೊ ಕೊರಿಯರ್‌ನಲ್ಲಿ ಬಂತು. ನೋಡಲು ದೊಡ್ಡ ಬಸವನಹುಳುವಿನ ಹಾಗಿತ್ತು. ಒಂದಲ್ಲ, ಬೆನ್ನಿಗೆ ಬೆನ್ನು ಅಂಟಿಸಿದ ಎರಡು ಬಸವನಹುಳು. ಅತ್ತೆ ಅದನ್ನು ಕೈಯಲ್ಲಿ ತೂಗಿ ನೋಡಿ, "ಏನು ಮಾಡ್ತೈತೆ ಇದು?" ಎಂದರು. ನನಗೆ ಬೇಕಾದದ್ದೇ ಆ ಪ್ರಶ್ನೆ. ಎಂಜಿನ್ನಿನಿಂದ ಹೊರಬೀಳುವ ಹೊಗೆ ಇದರ ಒಂದು ಚಕ್ರವನ್ನು ತಿರುಗಿಸುತ್ತದೆ, ನಮ್ಮ ಗುಡ್ಡಗಳ ಮೇಲೆ ಗಾಳಿ ಕರೆಂಟು ತಯಾರಿಸುವ ಆ ದೊಡ್ಡ ಫ್ಯಾನುಗಳನ್ನು ತಿರುಗಿಸುವಂತೆ; ಆ ಚಕ್ರದ ಜೊತೆ ಇನ್ನೊಂದು ಚಕ್ರ ತಿರುಗಿ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ; ಗಾಳಿ ಹೆಚ್ಚಾದಷ್ಟೂ ಡೀಸೆಲ್ ಚೆನ್ನಾಗಿ ಉರಿಯುತ್ತದೆ ಎಂದು ಕಾಲು ಗಂಟೆ ವಿವರಿಸಿದೆ. ಗಾಳಿಯ ಒತ್ತಡದ ಬಗ್ಗೆ ಇನ್ನೂ ಕಾಲು ಗಂಟೆಯ ಸರಕು ನನ್ನಲ್ಲಿತ್ತು.

"ಅಂದ್ರೆ ಕುಲುಮೇಲಿ ತಿದಿ ಒತ್ತಿದಂಗೆ" ಎಂದರು ಅತ್ತೆ. "ತಿದಿ ಹರಿದ್ರೆ ಬೆಂಕಿ ಏಳಲ್ಲ. ಅಷ್ಟೇ ತಾನೆ?"

ಅಷ್ಟೇ. ನನ್ನ ಹತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ಇಷ್ಟು ಚಿಕ್ಕ ವಾಕ್ಯದಲ್ಲಿ ನಾನು ಏನನ್ನೂ ವಿವರಿಸಿದ್ದಿಲ್ಲ. ಯಜಮಾನರಿಗಂತೂ ಕುಣಿದಾಡುವಷ್ಟು ಸಂತೋಷ. ಟರ್ಬೊ ಎಂಬುದಕ್ಕೆ ಕನ್ನಡದಲ್ಲಿ ಏನನ್ನಬೇಕೆಂದು ಅವರು ಮೂರು ದಿನದಿಂದ ನಿಘಂಟು ತಿರುವುತ್ತಿದ್ದರು. 'ಪರಿಭ್ರಮಣ ವಾಯುಪೂರಕ' ಎಂಬಲ್ಲಿಗೆ ಬಂದು ನಿಂತಿದ್ದರು. ಅಂದಿನಿಂದ ನಮ್ಮ ಮನೆಯಲ್ಲಿ ಅದು ತಿದಿ.

ಶುಕ್ರವಾರ ಬೆಳಿಗ್ಗೆ ಕೆಲಸಕ್ಕೆ ಇಳಿದೆ. ಇಳಿದೆ ಎನ್ನುವುದಕ್ಕಿಂತ ತೂರಿದೆ ಎನ್ನಬೇಕು. ನಮ್ಮ ಕಾರು ನಿಲ್ಲುವುದು ಮನೆಯ ಗೋಡೆಗೂ ಕಾಂಪೌಂಡಿಗೂ ನಡುವಿನ ಸಂದಿಯಲ್ಲಿ. ಬಲಬಾಗಿಲು ಅರ್ಧ ತೆರೆಯುತ್ತದೆ, ಎಡಬಾಗಿಲು ತೆರೆಯುವ ಆಸೆಯನ್ನೇ ಬಿಟ್ಟಿದೆ. ಮೂತಿಯ ಮುಂದೆ ಬಟ್ಟೆ ಒಗೆಯುವ ಕಲ್ಲು, ಮೇಲೆ ಬಟ್ಟೆ ಒಣಹಾಕುವ ತಂತಿ. ಬಾನೆಟ್ ಎತ್ತಿದರೆ ಯಜಮಾನರ ಪಂಚೆ ಎಂಜಿನ್ನಿಗೆ ಪರದೆ ಹಿಡಿಯುತ್ತದೆ. ಜಾಕನ್ನು ನಂಬಿ ಕಾರಿನ ಕೆಳಗೆ ಹೋಗಬಾರದೆಂದು ಓದಿದ್ದೆ. ಆದ್ದರಿಂದ ಎರಡು ಚಪ್ಪಡಿ ಕಲ್ಲುಗಳನ್ನು ಮಣ್ಣಿನ ದಿಬ್ಬದ ಮೇಲೆ ಭದ್ರವಾಗಿ ಕೂರಿಸಿ, ಮುಂದಿನ ಚಕ್ರಗಳನ್ನು ಅವುಗಳ ಮೇಲೆ ಹತ್ತಿಸಿ, ಹಿಂದಿನ ಚಕ್ರಗಳಿಗೆ ಗುಂಡುಕಲ್ಲು ಕೊಟ್ಟೆವು. ನನ್ನ ಸ್ಪ್ಯಾನರ್ ಸೆಟ್ಟಿನಲ್ಲಿ ಹನ್ನೆರಡು ಇತ್ತು, ಹದಿನಾಲ್ಕು ಇತ್ತು. ಬೇಕಾದ ಹದಿಮೂರು ಇರಲಿಲ್ಲ. ಎದುರುಮನೆಯ ಬಸಣ್ಣ ಬೋರ್‌ವೆಲ್ ಮೋಟರ್ ರಿಪೇರಿಯವರು. ಕೆಲಸಕ್ಕೆ ಹೊರಟಿದ್ದವರು ಗಾಡಿ ನಿಲ್ಲಿಸಿ ಹದಿಮೂರನ್ನು ಕೊಟ್ಟು, "ಮೇಡಂ, ಬಿಚ್ಚೋದು ಏನೂ ಕಷ್ಟ ಇಲ್ಲ. ಬಿಚ್ಚಿದ್ದು ಎಲ್ಲಿಂದ ಬಂತು ಅಂತ ಜ್ಞಾಪಕ ಇಟ್ಕಳ್ರಿ" ಎಂದು ಹೇಳಿ ಹೋದರು.

ಆ ಜ್ಞಾಪಕದ ಖಾತೆಯನ್ನು ಯಜಮಾನರಿಗೆ ವಹಿಸಿದೆ. ಅವರು ಒಗೆಯುವ ಕಲ್ಲಿನ ಮೇಲೆ ಹಳೆಯ ಪೇಪರ್ ಹಾಸಿ, ನಾನು ಬಿಚ್ಚಿಕೊಟ್ಟ ಪ್ರತಿಯೊಂದು ಬೋಲ್ಟಿಗೂ ಮುತ್ತಿನಂಥ ಅಕ್ಷರದಲ್ಲಿ ಚೀಟಿ ಬರೆದಿಟ್ಟರು. 'ತಗಡಿನ ಕವಚದ ಮೇಲ್ತುದಿಯ ಎಡಬೋಲ್ಟು', 'ತೈಲನಾಳದ ಕೊರಳ ಬೋಲ್ಟು'. ಒಂದು ಚೀಟಿ ಬರೆಯುವುದರೊಳಗೆ ನಾನು ಮೂರು ಬೋಲ್ಟು ಬಿಚ್ಚಿರುತ್ತಿದ್ದೆ. "ಸ್ವಲ್ಪ ನಿಲ್ಲು ಸರೋಜಾ, 'ಕೆಳಗಣ' ಅನ್ನಲಾ, 'ಕೆಳಗಿನ' ಅನ್ನಲಾ?" ಎಂದು ಅವರು ಕೇಳುವಾಗ ನನ್ನ ಮೂಗಿನ ಮೇಲೆ ಕಪ್ಪು ಆಯಿಲ್ ತೊಟ್ಟಿಕ್ಕುತ್ತಿತ್ತು. ಕೆಳಗಣ ಎಂದೆ.

ಮಧ್ಯಾಹ್ನದ ಹೊತ್ತಿಗೆ ಗಾಳಿಯ ಪೈಪುಗಳು ಬಿಚ್ಚಿ ಬಂದವು, ಆಯಿಲ್ ಪೈಪುಗಳು ಬಂದವು, ಹೊಗೆಕೊಳವೆ ಬಂತು. ಟರ್ಬೊವನ್ನು ಎಂಜಿನ್ನಿಗೆ ಕಚ್ಚಿಸಿದ್ದ ನಾಲ್ಕು ನಟ್ಟುಗಳಲ್ಲಿ ಮೂರು ಬಂದವು. ನಾಲ್ಕನೆಯದು ಹಿಂದೆ, ಕೆಳಗೆ, ಕಣ್ಣಿಗೆ ಬೀಳದ ಜಾಗದಲ್ಲಿತ್ತು. ಯಜಮಾನರು ಮುಖ ಕ್ಷೌರದ ಕನ್ನಡಿ ತಂದುಕೊಟ್ಟರು. ಕನ್ನಡಿಯಲ್ಲಿ ನಟ್ಟಿಗಿಂತ ಮೊದಲು ನನ್ನ ಮುಖ ಕಂಡು ಬೆಚ್ಚಿದೆ. ನಟ್ಟು ಕಂಡ ಮೇಲೆ ಇನ್ನೂ ಬೆಚ್ಚಿದೆ. ತುಕ್ಕು ಹಿಡಿದು ಹುಣಸೆ ಬೀಜದ ಬಣ್ಣಕ್ಕೆ ತಿರುಗಿತ್ತು. ಬಳೆ ತೆಗೆದಿಟ್ಟು ಕೈ ತೂರಿಸಿದೆ. ಮಣಿಕಟ್ಟಿನವರೆಗೆ ಹೋಯಿತು, ಅಲ್ಲಿಂದಾಚೆ ನನ್ನ ಹತ್ತೊಂಬತ್ತು ವರ್ಷದ ಸುಖಜೀವನ ಅಡ್ಡಬಂತು. ಯಜಮಾನರ ಕೈ ಅಷ್ಟೂ ಹೋಗಲಿಲ್ಲ. ಎಡದಿಂದ, ಬಲದಿಂದ, ಕೆಳಗಿನಿಂದ ಪ್ರಯತ್ನಿಸಿ, ಗೆಣ್ಣು ತರಚಿಕೊಂಡು, ಕೊನೆಗೆ ಚಕ್ರದ ಪಕ್ಕ ಕುಳಿತುಬಿಟ್ಟೆ. ಅರ್ಧ ಕಾರು ಪೇಪರಿನ ಮೇಲೆ ಚೀಟಿ ಅಂಟಿಸಿಕೊಂಡು ಮಲಗಿತ್ತು. ಆ ಸ್ಥಿತಿಯಲ್ಲಿ ಅದನ್ನು ಯಾವ ಗ್ಯಾರೇಜಿಗೂ ಒಯ್ಯುವಂತಿರಲಿಲ್ಲ. ಒಯ್ದರೂ ಆ ಮೆಕ್ಯಾನಿಕ್, "ನಾನು ಹೇಳ್ಲಿಲ್ವಾ ಸಾರ್" ಎನ್ನುವುದು ಕಿವಿಯಲ್ಲಿ ಆಗಲೇ ಕೇಳುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಒಳಗೆ ಮಂಚದ ಮೇಲೆ ಅತ್ತೆ ಆರಿಸಿ ಮಡಿಚಿಟ್ಟಿದ್ದ ಸೀರೆ ನೆನಪಾಯಿತು.

ಬಾಗಿಲ ಮೆಟ್ಟಿಲ ಮೇಲೆ ಕುಳಿತು ಎಲ್ಲ ನೋಡುತ್ತಿದ್ದ ಅತ್ತೆ ಎದ್ದು ಬಂದರು.

"ಯಾಕೆ ಸರೋಜಿ, ಕುಂತುಬಿಟ್ಟೆ?"

"ಒಂದು ನಟ್ಟಿಗೆ ಕೈ ಎಟುಕ್ತಿಲ್ಲ ಅತ್ತೆ. ಕಣ್ಣಿಗೂ ಸರಿಯಾಗಿ ಕಾಣಲ್ಲ."

"ಕಣ್ಣು ಯಾಕೆ ಬೇಕು? ಕುರಿ ಹೊಟ್ಟೇಲಿ ಮರಿ ಅಡ್ಡ ತಿರುಗಿದ್ರೆ ಯಾರು ಕಂಡಿರ್ತಾರೆ? ಸರಿ ಅತ್ಲಾಗೆ."

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಅಡುಗೆಮನೆಯಿಂದ ಕೊಬ್ಬರಿ ಎಣ್ಣೆ ತರಿಸಿಕೊಂಡು ಮೊಣಕೈವರೆಗೆ ಸವರಿಕೊಂಡರು. ಅವರ ಕೈ ಸಣ್ಣದು, ಉದ್ದನೆಯದು, ಬಳ್ಳಿಯ ಹಾಗೆ ಬಾಗುವಂಥದ್ದು. ಅದುವರೆಗೆ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಅವರು ಕಣ್ಣು ಮುಚ್ಚಿ, ಕೆನ್ನೆಯನ್ನು ಕಾರಿನ ಅಂಚಿಗೆ ಒರಗಿಸಿ, ಕೈಯನ್ನು ಒಳಗೆ ಬಿಟ್ಟರು. ನಾನೂ ಯಜಮಾನರೂ ಹೆರಿಗೆ ಕೋಣೆಯ ಹೊರಗೆ ನಿಂತವರ ಹಾಗೆ ನಿಂತೆವು.

"ಐತೆ. ಮಕ ಅತ್ಲಾಗೆ ಮಾಡೈತೆ" ಎಂದರು. "ಕೊಡು ಆ ಸ್ಪ್ಯಾನರ್ನ."

ನಾನು ಅವಸರಪಟ್ಟು, ಸ್ಪ್ಯಾನರಿನ ಬಾಲಕ್ಕೆ ನೀರಿನ ಪೈಪಿನ ತುಂಡು ಸಿಕ್ಕಿಸಿ ಜಗ್ಗಲು ಹೋದೆ. "ಏಯ್, ಜಗ್ಗಬ್ಯಾಡ!" ಎಂದು ಅತ್ತೆ ಗದರಿದರು. "ಬಲವಂತ ಮಾಡಿದ್ರೆ ಒಳಗೇ ಹರಿದು ಹೋಗ್ತೈತೆ. ತುಕ್ಕು ಬಿಡಿಸೋ ಎಣ್ಣೆ ಬಿಡು. ಬಿಟ್ಟು ಕಾಯಿ." ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಕಾಯಬೇಕೆಂದು ನಾನೂ ಓದಿದ್ದೆ, ಕಾಯುವ ಭಾಗವನ್ನು ಮರೆತಿದ್ದೆ. ಊಟ ಮಾಡಿದೆವು. ಅತ್ತೆ ಎಲೆಅಡಿಕೆ ಹಾಕಿಕೊಂಡರು. ಮತ್ತೆ ಬಂದು, ಕಣ್ಣು ಮುಚ್ಚಿ, ಸ್ಪ್ಯಾನರನ್ನು ನಟ್ಟಿಗೆ ಕೂರಿಸಿ, "ಈಗ ಎಳಿ, ಮೆಲ್ಲಗೆ. ನಿಲ್ಲು. ಹಿಂದಕ್ಕೆ ಬಿಡು. ಮತ್ತೆ ಎಳಿ" ಎಂದು ಹೇಳುತ್ತ ಹೋದರು. ಐದನೆಯ ಎಳೆತಕ್ಕೆ ನಟ್ಟು 'ಕಟಕ್' ಎಂದು ಸಡಿಲವಾಯಿತು. ಅತ್ತೆ ಬೆರಳಲ್ಲೇ ತಿರುಗಿಸಿ ಹೊರತೆಗೆದು, ಅಂಗೈಯಲ್ಲಿಟ್ಟು ತೋರಿಸಿದರು. ನನಗೆ ಅದನ್ನು ಬೆಚ್ಚನೆಯ ಬಟ್ಟೆಯಲ್ಲಿ ಸುತ್ತಬೇಕೆನ್ನಿಸಿತು. ಯಜಮಾನರು ಚೀಟಿ ಬರೆಯುವುದನ್ನೂ ಮರೆತಿದ್ದರು.

ಶನಿವಾರ ಹೊಸ ತಿದಿಯನ್ನು ಕೂರಿಸಿದೆವು. ಬಿಚ್ಚಿದ ಪೈಪುಗಳ ಬಾಯಿಗೆ ಕಸ ಬೀಳದಿರಲೆಂದು ಅತ್ತೆ ತಮ್ಮ ಹಳೆಯ ಸೀರೆ ಹರಿದು ಕೊಟ್ಟ ತುಂಡುಗಳನ್ನು ತುರುಕಿದ್ದೆ. ಹೊಸ ಗ್ಯಾಸ್ಕೆಟ್ಟು, ಹೊಸ ತಾಮ್ರದ ವಾಷರು, ಹೊಸ ಆಯಿಲು. ನಾಲ್ಕನೆಯ ನಟ್ಟನ್ನು ಅತ್ತೆಯೇ ಹಾಕಿದರು. ಆ ಹೊತ್ತಿಗೆ ಅದು ಅವರ ಖಾಸಗಿ ನಟ್ಟಾಗಿತ್ತು. ತಿದಿಯ ಜೊತೆ ಬಂದ ಕಾಗದದಲ್ಲಿ, ಸ್ಟಾರ್ಟ್ ಮಾಡುವ ಮೊದಲು ಅದಕ್ಕೆ ಎಣ್ಣೆ ಉಣಿಸಬೇಕು, ಒಣಗಂಟಲಲ್ಲಿ ಓಡಿಸಿದರೆ ಕ್ಷಣದಲ್ಲಿ ಕೆಡುತ್ತದೆ ಎಂದಿತ್ತು. ಉಣಿಸಿದೆ. ಪೇಪರಿನ ಮೇಲೆ ಚೀಟಿಗಳು ಮಾತ್ರ ಉಳಿದಿದ್ದವು, ಬೋಲ್ಟು ಒಂದೂ ಇರಲಿಲ್ಲ. ಗೆದ್ದೆ ಎಂದುಕೊಂಡು ಕೀಲಿ ಹಿಡಿದು ಡ್ರೈವರ್ ಸೀಟಿಗೆ ತೂರಿದೆ.

"ನಿಲ್ಲು" ಎಂದರು ಅತ್ತೆ. "ಮೂರು ತುಂಡು ಬಟ್ಟೆ ಕೊಟ್ಟಿದ್ದೆ. ಇಲ್ಲಿ ಎರಡೇ ಅವೆ."

"ಎಲ್ಲೋ ಗಾಳಿಗೆ ಹಾರಿರುತ್ತೆ ಬಿಡಿ ಅತ್ತೆ."

"ಗಾಳಿ ಎಲ್ಲೈತೆ? ಎಲೆ ಅಲ್ಲಾಡ್ತಿಲ್ಲ. ಸಂಜೆ ಒಂದು ಮರಿ ಕಮ್ಮಿ ಬಂದ್ರೆ ಹಟ್ಟಿ ಬಾಗ್ಲು ಹಾಕ್ತಾರಾ? ಕೀಲಿ ಕೊಡಿಲ್ಲಿ."

ಮೈಯೆಲ್ಲ ಎಣ್ಣೆ, ಬೆನ್ನು ನೋವು, ಹೊಟ್ಟೆ ಹಸಿವು. ನಾನು ನಿಜಕ್ಕೂ ಸಿಡುಕಿದೆ. "ಒಂದು ಹಳೇ ಬಟ್ಟೆ ತುಂಡಿಗೆ ಎಷ್ಟು ಹಟ ಮಾಡ್ತೀರಿ!" ಎಂದುಬಿಟ್ಟೆ. ಅತ್ತೆ ಅರ್ಧ ತೆರೆದ ಬಾಗಿಲಿನಿಂದ ಕೈ ಚಾಚಿದರು. ಕೀಲಿ ಕೊಟ್ಟೆ. ಕಲ್ಲಿನ ಕೆಳಗೆ, ಚಕ್ರದ ಹಿಂದೆ, ಯಜಮಾನರ ಜೇಬಿನಲ್ಲಿ ಹುಡುಕಿದೆವು. ಆಮೇಲೆ ಮನಸ್ಸಿನಲ್ಲಿ ಗೊಣಗುತ್ತ ಗಾಳಿಪೈಪಿನ ಕ್ಲಿಪ್ಪು ಸಡಿಲಿಸಿದೆ. ಒಳಗೆ, ತಿದಿಯ ಚಕ್ರಕ್ಕೆ ನಾಲ್ಕು ಬೆರಳು ದೂರದಲ್ಲಿ, ಹಸಿರು ಅಂಚಿನ ಸೀರೆ ತುಂಡು ಬೆಚ್ಚಗೆ ಕುಳಿತಿತ್ತು. ಎಂಜಿನ್ನು ಒಂದು ಉಸಿರು ಎಳೆದಿದ್ದರೂ ಅದು ಚಕ್ರದೊಳಗೆ ಹೋಗಿ, ಹೊಸ ತಿದಿ ಅಲ್ಲೇ ಹಳೆಯದಾಗುತ್ತಿತ್ತು. ನಾನು ಆ ತುಂಡನ್ನು ಹಿಡಿದು ಅತ್ತೆಯ ಮುಖ ನೋಡಿದೆ. "ತಪ್ಪಾಯ್ತು ಅತ್ತೆ" ಎಂದೆ. ಹದಿನಾರು ವರ್ಷದ ಸಂಸಾರದಲ್ಲಿ ಆ ಮಾತನ್ನು ಅವರಿಗೆ ಮನಸಾರೆ ಹೇಳಿದ್ದು ಅದೇ ಮೊದಲು. "ಆಯ್ತು ಬಿಡು. ಮೂರಾದ್ವು" ಎಂದು ಅವರು ಕೀಲಿ ಕೊಟ್ಟರು.

ಕಾರು ಸ್ಟಾರ್ಟಾಯಿತು. ಆದರೆ ಆ ಹೊಗೆಯನ್ನು ಹೇಗೆ ಬಣ್ಣಿಸಲಿ! ಹಳೆಯ ತಿದಿ ಹೊಗೆಕೊಳವೆಯಲ್ಲಿ ಉಗುಳಿಟ್ಟಿದ್ದ ಆಯಿಲ್ಲೆಲ್ಲ ಉರಿದು, ಓಣಿಯ ಈ ತುದಿಯಿಂದ ಆ ತುದಿಯವರೆಗೆ ನೀಲಿ ಮೋಡ ಕವಿಯಿತು. ಬಾಗಿಲುಗಳು ತೆರೆದವು, ಕೆಮ್ಮುಗಳು ಕೇಳಿದವು. ಮೋಡದೊಳಗಿಂದ ಬಸಣ್ಣನ ದನಿ ಬಂತು: "ಮೇಡಂ, ಸೊಳ್ಳೆ ಹೊಗೆ ಹಾಕಿಸ್ತಿದ್ದೀರಾ? ನಮ್ಮ ಮೋರಿ ಕಡೆಗೂ ಸ್ವಲ್ಪ ಬಿಡ್ರಿ!" ಹತ್ತು ನಿಮಿಷ ಕಳೆಯಿತು. ಹೊಗೆ ತೆಳುವಾಯಿತು, ಬೆಳ್ಳಗಾಯಿತು, ನಿಂತಿತು. ಸಿಳ್ಳೆ ಇಲ್ಲ. ಎಣ್ಣೆ ಸೋರುವುದಿಲ್ಲ. ಎಂಜಿನ್ನು ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರುಗುಟ್ಟುತ್ತಿತ್ತು. ಯಜಮಾನರು ಆನಂದ ತಡೆಯಲಾಗದೆ ಚೀಟಿಗಳನ್ನೆಲ್ಲ ಒಟ್ಟುಮಾಡಿ ಒಂದು ಲಕೋಟೆಯಲ್ಲಿ ಹಾಕಿಟ್ಟುಕೊಂಡರು, ಪದಕೋಶಕ್ಕೆ ಬೇಕಂತೆ.

ಭಾನುವಾರ ಬೆಳಿಗ್ಗೆ ಹೊಳಲ್ಕೆರೆಯ ಮೇಲೆ ಚಿತ್ರದುರ್ಗ ದಾಟಿ ತುರುವನೂರಿಗೆ ಹೋದೆವು. ಏರುಗಳಲ್ಲಿ ಕಾರು ತಾನಾಗಿ ಹತ್ತಿತು. ಪ್ರತಿ ಏರಿನ ತುದಿಯಲ್ಲೂ ಅತ್ತೆ, "ಉಸಿರು ಚೆನ್ನಾಗೈತೆ" ಎಂದು ಹೇಳುತ್ತಿದ್ದರು. ಕರಿಯಪ್ಪಮಾವನ ಬಾಗಿಲ ಮುಂದೆ ಸರಿಯಾಗಿ ನಿಲ್ಲಿಸಿದೆ. ಮಾವ ಹೊರಗೆ ಬಂದರು. ಅತ್ತೆ ಇಳಿದರು. ಆರು ವರ್ಷಕ್ಕೆ ಏನು ಮಾತಾಡಿಯಾರು ಎಂದು ನಾನು ಕಿಟಕಿ ಇಳಿಸಿ ಕಿವಿಗೊಟ್ಟೆ. ಮಾವ ಅಕ್ಕನ ಕೈ ಹಿಡಿದವರು, ತಿರುಗಿಸಿ ನೋಡಿ, "ಏನಕ್ಕ ಇದು, ಉಗುರೆಲ್ಲ ಕರ್ರಗಾಗೈತೆ?" ಎಂದರು. ಎರಡು ದಿನ ಸೀಗೆಪುಡಿ ಹಾಕಿ ಉಜ್ಜಿದರೂ ಬಿಡದ ಕಪ್ಪು.

"ಕಾರಿನ ತಿದಿ ಕೆಟ್ಟಿತ್ತು ಕಣೋ. ಬಿಚ್ಚಿ ಬೇರೆ ಹಾಕ್ದೆ" ಎಂದರು ಅತ್ತೆ, ಸೊಪ್ಪು ಬಿಡಿಸಿದೆ ಎನ್ನುವಷ್ಟು ಸಲೀಸಾಗಿ. ಆಮೇಲೆ ನನ್ನ ಕಡೆ ತಿರುಗಿ, ನ್ಯಾಯ ತಪ್ಪಬಾರದೆಂದು, "ಇವಳೂ ಇದ್ಲು ಜೊತೆಗೆ" ಎಂದು ಸೇರಿಸಿದರು.

ನಾನು ಬಾಯಿ ತೆರೆದೆ. ಟರ್ಬೊ ಆರಿಸಿದವಳು, ಪೈಪು ಬಿಚ್ಚಿದವಳು, ಗೆಣ್ಣು ತರಚಿಕೊಂಡವಳು ನಾನು ಎಂದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅಕ್ಕತಮ್ಮ ಇಬ್ಬರ ಕಣ್ಣಲ್ಲೂ ನೀರಿತ್ತು, ಇಬ್ಬರೂ ನಗುತ್ತಿದ್ದರು. ಬಾಯಿ ಮುಚ್ಚಿಕೊಂಡೆ. ಮಗುವನ್ನು ತೊಟ್ಟಿಲಿಗೆ ಹಾಕಿದರು, ಹಾಡು ಹೇಳಿದರು, ಹೋಳಿಗೆ ಊಟವಾಯಿತು. ಊಟವಾದ ಮೇಲೆ ಮಾವ ಕೈ ಒರೆಸಿಕೊಳ್ಳುತ್ತ, "ಅಕ್ಕ, ನಮ್ ಟ್ರ್ಯಾಕ್ಟರೂ ಯಾಕೋ ಎಳೀತಿಲ್ಲ. ಬಂದಿದ್ದೀಯಲ್ಲ, ಒಂದು ಕೈ ನೋಡು" ಎಂದರು. ಅತ್ತೆ ಒಂದು ಗಳಿಗೆಯೂ ಹಿಂಜರಿಯದೆ, ರೇಷ್ಮೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಯಾರೋ ಕೊಬ್ಬರಿ ಎಣ್ಣೆ ತಂದರು. ನೆಂಟರೆಲ್ಲ ಹಿತ್ತಿಲಲ್ಲಿ ಟ್ರ್ಯಾಕ್ಟರಿನ ಸುತ್ತ ನೆರೆದರು. ನಾನು ಗುಂಪಿನ ಹಿಂದಿನಿಂದ, ಮೊದಲು ಏರ್ ಫಿಲ್ಟರ್ ನೋಡಬೇಕು, ಧೂಳು ಕಟ್ಟಿರಬಹುದು ಎಂದು ಎರಡು ಸಲ ಹೇಳಿದೆ. ಯಾರೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಮಾವ ಮಾತ್ರ ನನ್ನ ಯಜಮಾನರ ಕಡೆ ನೋಡಿ, "ಹೌದಾ ರಂಗ?" ಎಂದು ಕೇಳಿದರು. ಅವರು ಗಂಭೀರವಾಗಿ ಹೂಂಗುಟ್ಟಿದರು.

"ಸರೋಜಿ, ಎಲ್ಲಿದ್ದೀಯೆ?" ಎಂದು ಅತ್ತೆ ಗುಂಪಿನೊಳಗಿನಿಂದ ಕೂಗಿದರು. ಜನ ಸರಿದು ದಾರಿಬಿಟ್ಟರು. ಕೊನೆಗೂ ಸಲಹೆ ಕೇಳುತ್ತಾರೆಂದು ಸೀರೆ ನೆರಿಗೆ ಎತ್ತಿಕೊಂಡು ಮುಂದೆ ಹೋದೆ.

"ಮೊಬೈಲ್ ಲೈಟ್ ಹಾಕಿ ಇಲ್ಲಿ ಹಿಡಿ. ನೆಟ್ಟಗೆ ಹಿಡೀಬೇಕು, ಅಲ್ಲಾಡಿಸ್ಬ್ಯಾಡ."

ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆ ಎಂದು ಹತ್ತೊಂಬತ್ತು ವರ್ಷದಿಂದ ಮಕ್ಕಳಿಗೆ ಹೇಳಿಕೊಡುವ ನಾನು, ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು, ಅಲ್ಲಾಡದೆ ನಿಂತೆ.